ಹದಿಮೂರನೆಯ ತೂತು

ನನ್ನ ಮೇಜಿನ ಮೇಲೆ ಒಂದು ಹಿತ್ತಾಳೆ ತಾಟು ಇದೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಅಂಚಿನ ಸುತ್ತ ಹನ್ನೆರಡು ತೂತು. ಹದಿಮೂರನೆಯದೂ ಒಂದಿದೆ, ಅದರಲ್ಲಿ ಅರಗು ತುಂಬಿದೆ. ಈ ತಾಟಿನ ಜೊತೆಗೆ ಒಂದು ಕಾಲಕ್ಕೆ ನನಗೊಬ್ಬ ಗೆಳೆಯನೂ ಇದ್ದ. ಎರಡರಲ್ಲಿ ಒಂದು ಮಾತ್ರ ಉಳಿದಿದೆ ಎಂಬುದನ್ನು, ಇಂಥ ವಿಷಯಕ್ಕೆ ಸಲ್ಲಬೇಕಾದ ಗಾಂಭೀರ್ಯದಿಂದ, ಮೊದಲಿಗೇ ಅರಿಕೆ ಮಾಡಿಕೊಳ್ಳುತ್ತೇನೆ.

ನಾನು ಬಾಲಾನಗರದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಮಿಲ್ಲಿಂಗ್ ಮಷೀನಿನ ಮುಂದೆ ನಿಂತು ತಲೆ ನೆರೆಸಿಕೊಂಡವನು. ಗೆಳೆಯ ಪಕ್ಕದ ಲೇತಿನವನು. ನಾನು ಬೀದರ್ ಕಡೆಯವನು, ಅವನು ರಾಯಚೂರು ಕಡೆಯವನು. ಹೈದರಾಬಾದಿನಲ್ಲಿ ಇಷ್ಟಾದರೆ ರಕ್ತಸಂಬಂಧ. ಮಧ್ಯಾಹ್ನ ನನ್ನ ಡಬ್ಬಿ ಅವನು ಬಿಚ್ಚುತ್ತಿದ್ದ, ಅವನ ಡಬ್ಬಿ ನಾನು. ನನ್ನ ಮನೆಯ ಜೋಳದ ರೊಟ್ಟಿಯ ರುಚಿ ನನಗಿಂತ ಅವನಿಗೇ ಚೆನ್ನಾಗಿ ಗೊತ್ತು.

ನಮ್ಮ ಟೂಲ್ ರೂಮಿಗೆ ಎರಡು ಶಾಸನಗಳಿದ್ದವು. ಎಲ್ಲೂ ಬರೆದಿರಲಿಲ್ಲ, ಆದ್ದರಿಂದ ಎಲ್ಲರೂ ಪಾಲಿಸುತ್ತಿದ್ದರು. ಒಂದು: ಮಸಿ ಹಿಡಿದ ಜಾಬನ್ನು, ಅಂದರೆ ನಾವು ತಯಾರಿಸಿದ ಬಿಡಿಭಾಗವನ್ನು, ಯಾರ ಕೈಗೂ ಕೊಡಬಾರದು, ತೊಳೆದು, ಉಜ್ಜಿ, ಹೊಳಪು ಬರಿಸಿಯೇ ಕೊಡಬೇಕು. ಎರಡು: ಜಾಬು ಕೆಡಿಸಿದವನು ಬೆಂಚಿನವರಿಗೆಲ್ಲ ಇರಾನಿ ಚಹಾ ಕುಡಿಸಬೇಕು. ಕೆಡಿಸಿದ್ದಕ್ಕೆ ಕಾರಣ ಕೇಳುವಂತಿಲ್ಲ. ಚಹಾ ಬಂದಮೇಲೆ ಆ ತಪ್ಪಿನ ಹೆಸರೂ ಎತ್ತುವಂತಿಲ್ಲ. ಎಷ್ಟೋ ಸರ್ಕಾರಗಳಿಗೆ ಇಷ್ಟು ಒಳ್ಳೆಯ ಕಾನೂನು ಮಾಡಲು ಬಂದಿಲ್ಲ.

ಇಬ್ಬರೂ ನಿವೃತ್ತರಾದಮೇಲೆ ಬಾಲಾನಗರದ ಗಲ್ಲಿಯೊಂದರಲ್ಲಿ ಒಂದು ತಗಡಿನ ಶೆಡ್ ಹಿಡಿದು, ಎರಡು ಹಳೆಯ ಮಷೀನು ಹಾಕಿಕೊಂಡೆವು. ಮನೆಯಲ್ಲಿ ಕೂತರೆ ಹೆಂಡಂದಿರು ತರಕಾರಿ ತರಲು ಕಳಿಸುತ್ತಾರೆ ಎಂಬ ಭಯವೇ ಈ ಉದ್ಯಮದ ಮೂಲ ಬಂಡವಾಳ.

ಅಲ್ಲಿಗೆ ಒಂದು ದಿನ ನನ್ನ ತಂಗಿ ಬಂದಳು. ಅವಳನ್ನು ಜಹೀರಾಬಾದ್ ಕಡೆಯ ಹಳ್ಳಿಗೆ ಕೊಟ್ಟಿದೆ. ಕಪ್ಪು ನೆಲ, ತೊಗರಿ, ಸಾಲು ಬೇಸಾಯ. ಆ ಊರಿನಲ್ಲಿ ಕೂರಿಗೆಯ ಬಟ್ಟಲಿಗೆ ಬೀಜ ಬಿಡುವ ಕೈ ಅಂದರೆ ಅವಳ ಕೈ. ಎತ್ತು ನಡೆದ ಹಾಗೆ ಬೆರಳ ಸಂದಿಯಿಂದ ಕಾಳು ಇಳಿಯುವುದನ್ನು ನೋಡಿದರೆ, ಒಂದೊಂದು ಕಾಳೂ ಅವಳನ್ನು ಕೇಳಿಯೇ ಹೋಗುತ್ತಿದೆ ಅನ್ನಿಸಬೇಕು. ಅಂಥವಳೇ ಬಂದು ಮಷೀನು ಬೇಕೆಂದಳು.

"ಅಣ್ಣಾ, ಕೃಷಿ ಇಲಾಖಿಯವ್ರು ಹೇಳ್ಯಾರ. ಸಾಲಿಂದ ಸಾಲಿಗೆ ನಾಕು ಫೂಟು, ಗಿಡದಿಂದ ಗಿಡಕ್ಕ ಒಂದು ಫೂಟು, ಒಂದು ತಾವಿನಾಗ ಒಂದೇ ಕಾಳು. ಗಿಡ ಹರವಾಗಿ ಬೆಳಿತಾವ, ಕುಡಿ ಚಿವುಟಿದ್ರ ಟೊಂಗಿ ಒಡೀತಾವ, ನಡುವ ಸಣ್ಣ ಟ್ರ್ಯಾಕ್ಟರ್ ಹೊಡದು ಕಳೆ ತಗೀಬಹುದು. ಬೀಜ ಅರ್ಧಕ್ಕರ್ಧ ಉಳಿತಾವ."

"ನಿನ್ನ ಕೈ ಐತೆಲ್ಲ?" ಎಂದೆ.

"ಕೈ ಒಂದ ಐತಿ. ಮಳಿ ಬಂದ ದಿನ ಊರ ತುಂಬ ಬಿತ್ತಿಗಿ. ಆಳು ಸಿಗಂಗಿಲ್ಲ. ಸಿಕ್ಕವ್ರು ನಮ್ಮ ಹೊಲದಾಗ ಫೋನ್ ಹಿಡಕೊಂಡು ಬಿತ್ತತಾರ. ಅವ್ರ ಮನಿಯಾಗ ಏನ್ ಅಡಗಿ ಅಂತ ಸಾಲು ನೋಡಿದ್ರ ಗೊತ್ತಾಗತೈತಿ."

ಬಿತ್ತುವ ಮಷೀನು ಅವಳ ಮನೆಯಲ್ಲಿತ್ತು, ಯಾರೋ ಬಿಟ್ಟುಹೋದ ಹಳೆಯದು. ಬೀಜದ ಡಬ್ಬಿಯ ತಳದಲ್ಲಿ ಒಂದು ತಾಟು ಇರುತ್ತದೆ. ಗಾಲಿ ಉರುಳಿದಂತೆ ಚೈನು ಆ ತಾಟನ್ನು ತಿರುಗಿಸುತ್ತದೆ. ಒಂದೊಂದು ತೂತಿನಲ್ಲಿ ಒಂದೊಂದು ಕಾಳು ಕೂತು, ಸುತ್ತಿ ಬಂದು, ಕೊಳವೆಯಲ್ಲಿ ಬೀಳುತ್ತದೆ. ಅವಳ ಮಷೀನಿನ ತಾಟು ತೊಗರಿಗೆ ಹೊಂದುವಂಥದ್ದಲ್ಲ, ಒಮ್ಮೆ ಮೂರು ಕಾಳು, ಒಮ್ಮೆ ಒಂದೂ ಇಲ್ಲ. ತೊಗರಿಗೆ ಹೊಂದುವ ತಾಟು ಮಾಡಿಕೊಡಬೇಕು, ಇಷ್ಟೇ ಅವಳ ಬೇಡಿಕೆ.

ಇಷ್ಟೇ ಎಂಬ ಮಾತನ್ನು ಟೂಲ್ ರೂಮಿನವರ ಮುಂದೆ ಆಡಬಾರದು. ನಾವು ಒಂದು ಸೇರು ಬೀಜದ ತೊಗರಿಯನ್ನು ವರ್ನಿಯರಿನಲ್ಲಿ ಹಿಡಿದು ಅಳೆದೆವು. ದೊಡ್ಡ ಕಾಳು, ಸಣ್ಣ ಕಾಳು, ಸೊಟ್ಟ ಕಾಳು ಎಂದು ಬೇರೆ ಬೇರೆ ಪಂಗಡ ಮಾಡಿದೆವು. ಗೆಳೆಯ ಕನ್ನಡಕ ಏರಿಸಿ, "ಉಸ್ತಾದ, ದೇವರು ಟಾಲರೆನ್ಸ್ ಭಾಳ ಸಡಲ ಇಟ್ಟಾನ," ಎಂದು ಅಳತೆಯ ಏರುಪೇರಿನ ಮೇಲೆ ತೀರ್ಪು ಕೊಟ್ಟ. ಅವನು ನನ್ನನ್ನು ಉಸ್ತಾದ ಎನ್ನುತ್ತಿದ್ದ, ಗೌರವಕ್ಕೋ ಕುಚೋದ್ಯಕ್ಕೋ ಇವತ್ತಿಗೂ ಬಗೆಹರಿದಿಲ್ಲ.

ಮೊದಲು ಮರದ ತುಂಡಿನಲ್ಲಿ ಒಂದು ತಾಟು ಕೊರೆದು ಪರೀಕ್ಷೆ ಮಾಡಿದೆವು. ನಾರಾಯಣಗೂಡದ ನಮ್ಮ ಮನೆಯ ಮಾಳಿಗೆಯ ಮೇಲೆ ಉದ್ದನೆಯ ರೆಕ್ಸಿನ್ ಹಾಸಿ, ಅದಕ್ಕೆ ಗ್ರೀಸು ಬಳಿದು, ಮೇಲೆ ತಂಗಿಯಿಂದ ತರಿಸಿಕೊಂಡ ಮಷೀನು ಉರುಳಿಸುವುದು. ಬಿದ್ದ ಕಾಳು ಬಿದ್ದಲ್ಲೇ ಅಂಟಿಕೊಳ್ಳುತ್ತದೆ, ಅಂತರ ಅಳೆಯಬಹುದು. ವೈಜ್ಞಾನಿಕ ಲೋಕಕ್ಕೆ ತಿಳಿಸಬೇಕಾದ ಒಂದು ಸಂಗತಿಯೆಂದರೆ, ಟೇಪು ತರಲು ನಾವು ಕೆಳಗೆ ಹೋದಾಗ ಪಾರಿವಾಳಗಳು ಅರ್ಧ ಅಂಕಿಅಂಶವನ್ನು ತಿಂದು ಹೋದವು. ಉಳಿದ ಅರ್ಧದ ಮೇಲೆ ನನ್ನ ಹೆಂಡತಿ ಒಣಹಾಕಿದ್ದ ಸೀರೆ ಬಿತ್ತು.

"ಇಬ್ರೂ ಸೇರಿ ಏನ್ ಬೆಳೀತೀರಿ?" ಎಂದು ಅವಳು ಕೇಳಿದಳು.

"ತೊಗರಿ, ವೈನಿ," ಎಂದ ಗೆಳೆಯ.

"ಸೀರಿ ಮ್ಯಾಲೆ?"

ಅಂತೂ ಅಳತೆ ಕೂತಿತು, ಮಷೀನು ತಂಗಿಯ ಊರಿಗೆ ಮರಳಿತು. ಇನ್ನು ಹಿತ್ತಾಳೆಯಲ್ಲಿ ಕೊರೆಯಬೇಕು. ಗುಜರಿ ಗಲ್ಲಿಯೆಲ್ಲ ಹುಡುಕಿದಾಗ ಸರಿಯಾದ ದಪ್ಪದ ಹಿತ್ತಾಳೆ ಒಂದೇ ಒಂದು ತುಂಡು ಸಿಕ್ಕಿತು. ಆಗಲೇ ಆಕಾಶ ಕಟ್ಟಿಕೊಂಡಿತ್ತು. ಗೆಳೆಯ ಲೇತಿನಲ್ಲಿ ತಾಟನ್ನು ದುಂಡಗೆ ಮಾಡಿಕೊಟ್ಟ. ತೂತು ಹಾಕುವ ಕೆಲಸ ನನ್ನದು. ದುಂಡು ತಾಟನ್ನು ಸಮಭಾಗ ಮಾಡಿಕೊಡುವ ಡಿವೈಡಿಂಗ್ ಹೆಡ್ಡಿನ ಹಿಡಿಕೆಯನ್ನು ಮೂರು ಸುತ್ತು, ಮೇಲೊಂದು ಮೂರನೇ ಒಂದು ಭಾಗ ತಿರುಗಿಸಬೇಕು, ಒಂದು ತೂತು ಹಾಕಬೇಕು. ಮತ್ತೆ ಮೂರು ಸುತ್ತು, ಮೇಲೊಂದಿಷ್ಟು. ಹೀಗೆ ಹನ್ನೆರಡು ಸಲ. ಜೀವಮಾನವಿಡೀ ಮಾಡಿದ್ದೇ ಇದನ್ನು.

ಐದನೆಯ ತೂತು ಮುಗಿದಿತ್ತು. ಆಗ ಗೆಳೆಯ ಒಂದು ಜೋಕು ಹೇಳಿದ. ಅದರಲ್ಲಿ ಒಬ್ಬ ಫೋರ್‌ಮನ್ ಇದ್ದ, ಅವನ ಮಾವನಿದ್ದ, ಒಂದು ಎಮ್ಮೆ ಇತ್ತು. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ನಾನು ನಗುತ್ತಾ ಹಿಡಿಕೆ ತಿರುಗಿಸಿದೆ, ನಗುತ್ತಾ ಎಣಿಕೆ ತಪ್ಪಿದೆ, ನಗುತ್ತಾ ಡ್ರಿಲ್ಲು ಇಳಿಸಿದೆ. ಕಣ್ಣೊರೆಸಿಕೊಂಡು ನೋಡಿದರೆ ಐದನೆಯದಕ್ಕೂ ಆರನೆಯದು ಬರಬೇಕಾದ ಜಾಗಕ್ಕೂ ನಟ್ಟನಡುವೆ ಒಂದು ತೂತು ಕೂತಿದೆ. ದುಂಡಗೆ, ಲಕ್ಷಣವಾಗಿ, ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ.

ಚಹಾ ಯಾರು ಕುಡಿಸಬೇಕು ಎಂಬ ಗಂಭೀರ ಪ್ರಶ್ನೆ ಎದ್ದಿತು. ಕೊರೆದವನೋ, ನಗಿಸಿದವನೋ?

"ನಾ ಜೋಕು ಹೇಳೀನಿ, ತೂತು ಹಾಕಂತ ಹೇಳಿಲ್ಲ," ಎಂದು ಅವನ ವಾದ.

"ಎಮ್ಮಿ ತಂದವ ನೀನು," ಎಂದು ನನ್ನ ವಾದ.

ಕೊನೆಗೆ ಚಹಾ ನನ್ನದು, ಉಸ್ಮಾನಿಯಾ ಬಿಸ್ಕೀಟು ಅವನದು ಎಂದು ರಾಜಿಯಾಯಿತು. ತೂತು ಇಬ್ಬರದೂ ಆಯಿತು. ಉಳಿದ ಏಳನ್ನು ಸರಿಯಾಗಿ ಹಾಕಿದೆ. ತಪ್ಪು ತೂತಿಗೆ ಹಿತ್ತಾಳೆಯ ಗೂಟ ಬಡಿಯೋಣ ಎನ್ನುವಷ್ಟರಲ್ಲಿ ತಂಗಿಯ ಫೋನು: "ಅಣ್ಣಾ, ಮಳಿ ಬಿತ್ತು. ನಾಳಿ ಹದ ಬರತೈತಿ. ಹೆಂಗಿದ್ದರ ಹಂಗ ಕಳಸು."

"ಕಳಸಿಬಿಡು ಉಸ್ತಾದ," ಎಂದ ಗೆಳೆಯ. "ಒಂದು ತೂತು ಹೆಚ್ಚಾದ್ರ ಭೂಮಿತಾಯಿ ಏನ್ ಎಣಸಾಕ ಕುಂದರ್ತಾಳೇನು?"

ತಾಟು ಬಸ್ಸಿನಲ್ಲಿ ಹೋಯಿತು. ಶೆಡ್ಡಿನ ಬಾಗಿಲಲ್ಲಿ ನಿಂತು ಅವನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಇದು ನಡೀತು ಅಂದ್ರ ನಾವು ಇದನ್ನ ಮಾಡೂಣು. ಊರೂರಿಗೆ ತಾಟು. ಬೋರ್ಡ್ ಮ್ಯಾಲೆ ನಿನ್ನ ಹೆಸರು ಮೊದಲು, ನಂದು ಕೆಳಗ." ಅರವತ್ತು ದಾಟಿದ ಮೇಲೆ ಒಬ್ಬ ಮನುಷ್ಯನಿಗೆ ಹೀಗೆ ಆಸೆ ಹಚ್ಚಬಾರದು. ಬೋರ್ಡಿಗೆ ಯಾವ ಬಣ್ಣ ಎಂದು ನಾನು ರಾತ್ರಿಯೆಲ್ಲ ಯೋಚಿಸಿದೆ. ಹಸಿರು.

ಭೂಮಿತಾಯಿ ಎಣಿಸಲಿಲ್ಲ. ತಂಗಿ ಎಣಿಸಿದಳು. ಮೊಳಕೆ ಬಂದ ಹತ್ತು ದಿನಕ್ಕೆ ಫೋನು.

"ಅಣ್ಣಾ, ಸಾಲು ಏನ್ ಚಂದ ಬಂದಾವಂತೀ, ದಾರ ಹಿಡದಂಗ. ಆದ್ರ ಹನ್ನೆರಡು ಫೂಟಿಗೊಂದು ತಾವಿನಾಗ ಎರಡು ಗಿಡದ ನಡುವ ಒಂದು ಸವತಿ ಎದ್ದಾಳ. ತಾನೂ ಬೆಳಿಯಂಗಿಲ್ಲ, ಅವನ್ನೂ ಬೆಳ್ಯಾಕ ಬಿಡಂಗಿಲ್ಲ."

ನಾನು ತಪ್ಪೊಪ್ಪಿಕೊಂಡೆ. ಅವಳು ಸವತಿಗಳನ್ನು ಕಿತ್ತು ಹಾಕಿಸಿದಳು, ಕುಡುಗೋಲಿನ ಹಿಡಿ ಕೂಡಿಸುವ ಅರಗನ್ನು ಕಾಯಿಸಿ ಆ ತೂತಿಗೆ ತುಂಬಿದಳು. ಮುಂದಿನ ಮಳೆಗೆ ಅದೇ ತಾಟಿನಿಂದ ಮತ್ತೊಂದು ಹೊಲ ಬಿತ್ತಿದಳು. ಸವತಿ ಇಲ್ಲ. ಸಾಲುಗಳ ನಡುವೆ ಸಣ್ಣ ಟ್ರ್ಯಾಕ್ಟರು ಒಂದು ಗಿಡವನ್ನೂ ಮುರಿಯದೆ ಓಡಾಡಿತು, ಬ್ಯಾಟರಿ ಮಷೀನಿನಿಂದ ಕುಡಿ ಚಿವುಟಿದರು, ಗಿಡಗಳು ಛತ್ರಿಯಂತೆ ಹರಡಿದವು. ನಾವಿಬ್ಬರೂ ನೋಡಲು ಹೋದೆವು. ಗೆಳೆಯ ಹೊಲದ ಬದುವಿನ ಮೇಲೆ ಕೂತು ತಂಗಿಯ ಕೈಯ ರೊಟ್ಟಿ ನಾಲ್ಕು ತಿಂದು, "ತಂಗೆವ್ವಾ, ಇದು ತಾಟಲ್ಲ, ನಿನ್ನ ಕೈಗೇ ಹಿತ್ತಾಳಿ ಹೊಚ್ಚೀವಿ," ಎಂದ. ಅವಳು ಐದನೆಯದನ್ನೂ ಹಾಕಿದಳು. ನಾನು ಅವಳ ಅಣ್ಣ, ನನಗೆ ಮೂರೇ.

ಸುಗ್ಗಿ ಮುಗಿದ ಮೇಲೆ ಗೆಳೆಯ ಆ ತಾಟನ್ನು ಹತ್ತು ದಿನದ ಮಟ್ಟಿಗೆ ಕೇಳಿದ. ಉಪ್ಪಲ್ಲಿನ ಕಂಪನಿಯೊಂದರಲ್ಲಿ ಪರಿಚಯದವರೊಬ್ಬರಿದ್ದಾರೆ, ತೋರಿಸಿ ಬರುತ್ತೇನೆ, ನಮ್ಮ ಬೋರ್ಡಿಗೆ ದಾರಿಯಾಗಬಹುದು ಎಂದ. ತಂಗಿ ಕಳಿಸಿದಳು. ಹತ್ತು ದಿನಕ್ಕೆ ಸರಿಯಾಗಿ ಅವನು ಹಿಂದಕ್ಕೆ ಕೊಟ್ಟ. ಥಳಥಳ ಹೊಳೆಯುತ್ತಿತ್ತು. ಮುಖ ನೋಡಿಕೊಳ್ಳಬಹುದಿತ್ತು. ಹದಿಮೂರನೆಯ ತೂತು ಬಯಲಾಗಿತ್ತು.

"ಅರಗು ಎಲ್ಲಿ ಹೋತು?" ಎಂದೆ.

"ಸ್ಪಿರಿಟ್ ಹಾಕಿ ತೊಳದೆ, ಉಸ್ತಾದ. ಮಸಿ ಹಿಡದ ಜಾಬು ಯಾರ ಕೈಗರ ಕೊಡಾಕಾಗತೈತೇನು?"

ಶಾಸನದ ಮೊದಲನೆಯ ವಿಧಿ. ನನ್ನ ಕಣ್ಣು ತುಂಬಿ ಬಂತು ಎಂದರೆ ನಗಬೇಡಿ. ಹೊರಗಿನವರ ಮುಂದೆ ನಮ್ಮ ಕೆಲಸ ಹೊಳೆಯಬೇಕೆಂದು ಇವನು ಎಷ್ಟು ಉಜ್ಜಿದ್ದಾನೆ ಅಂದುಕೊಂಡೆ. ತಂಗಿ ಸುಮ್ಮನೆ ಮತ್ತೆ ಅರಗು ತುಂಬಿದಳು.

ಆಮೇಲೆ ಅವನ ಮೊಣಕಾಲು ನೋಯಲು ಶುರುವಾಯಿತು. ವಾರಕ್ಕೆ ಒಂದು ದಿನ ಬಂದ, ಆಮೇಲೆ ತಿಂಗಳಿಗೆ ಒಂದು ದಿನ, ಆಮೇಲೆ ಇಲ್ಲ. ನಾನು ಎಣ್ಣೆ ಕಳಿಸಿದೆ, ಮಂಡಿಪಟ್ಟಿ ಕಳಿಸಿದೆ. ಶೆಡ್ಡಿನಲ್ಲಿ ಒಬ್ಬನೇ ಕೂತು, ಅವನು ಬಂದಮೇಲೆ ತೋರಿಸಬೇಕೆಂದು ಜೋಳದ ತಾಟಿನ ನಕ್ಷೆ ಬರೆದೆ, ಮೆಕ್ಕೆಜೋಳದ್ದೂ ಬರೆದೆ.

ಮರುವರ್ಷದ ಮುಂಗಾರಿಗೆ ಮುಂಚೆ ತಂಗಿಯ ಫೋನು. ಈ ಸಲ ಅವಳ ದನಿ ಸಣ್ಣಗಿತ್ತು.

"ಅಣ್ಣಾ, ಜಹೀರಾಬಾದಿಗೆ ಗೊಬ್ಬರಕ್ಕ ಬಂದೀನಿ. ನಮ್ಮ ಸವತಿ ಇಲ್ಲಿ ಅಂಗಡ್ಯಾಗ ಕುಂತಾಳ."

"ಏನಂದಿ?"

"ಹೊಸ ಬಿತ್ತೋ ಮಷೀನು ಬಂದೈತಿ. ಡಬ್ಬಿ ತಗದು ನೋಡಿದೆ. ತಾಟು ಪ್ಲಾಸ್ಟಿಕ್ಕಿಂದು, ನೀಲಿ ಬಣ್ಣ. ಹನ್ನೆರಡು ತೂತು, ಐದರ ಮುಂದ ನಡುವ ಇನ್ನೊಂದು. ಅಣ್ಣಾ, ನಿಂದೇ ತಾಟು ಅದು. ಚೀಟಿ ಮ್ಯಾಲೆ ಅಣ್ಣಾರದು ಫೋಟೋ ಐತಿ, ಕೋಟು ಹಾಕ್ಯಾರ."

ಅವಳು ಅಣ್ಣಾರ ಎನ್ನುವುದು ನನ್ನ ಗೆಳೆಯನನ್ನು. ಚೀಟಿಯ ಚಿತ್ರವನ್ನು ಫೋನಿಗೆ ಕಳಿಸಿದಳು. ತಾಂತ್ರಿಕ ಸಲಹೆಗಾರ ಎಂದು ಬರೆದಿತ್ತು. ಮೊಣಕಾಲು ಫೋಟೋದಲ್ಲಿ ಬಂದಿರಲಿಲ್ಲ. ಕೆಳಗೆ, ನಗರದಲ್ಲಿ ನಡೆಯುವ ಕೃಷಿ ಮೇಳದಲ್ಲಿ ಇವರೇ ಖುದ್ದು ಮಾಹಿತಿ ಕೊಡುತ್ತಾರೆಂದು ಇತ್ತು.

ಹೋದೆವು. ತಂಗಿ ಹಿತ್ತಾಳೆ ತಾಟನ್ನು ಅರಿವೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಮೊದಲ ಬಸ್ಸಿಗೆ ಬಂದಿದ್ದಳು. ಮೇಳದಲ್ಲಿ ಔಷಧಿ ಹೊಡೆಯುವ ಡ್ರೋನು ಹಾರುತ್ತಿತ್ತು. ಡ್ರೈವರು ಕೈಕಟ್ಟಿ ಕೂತರೂ ನೆಟ್ಟಗೆ ಹೋಗುವ ಟ್ರ್ಯಾಕ್ಟರು ಬಂದಿತ್ತು. ತಂಗಿ ಅದನ್ನು ನೋಡಿ, "ನಮ್ಮೂರ ಎತ್ತು ಇದನ್ನ ಮೊದಲಿಂದ ಮಾಡಾಕತ್ತಾವ," ಎಂದಳು. ನಾನು ನಗಲಿಲ್ಲ. ಬಹುಶಃ ಎಲ್ಲ ಕಾಕತಾಳೀಯವಿರಬೇಕು, ಬೇರೆ ಯಾರೋ ಹಾಗೇ ಒಂದು ತೂತು ತಪ್ಪಿ ಹಾಕಿರಬೇಕು ಎಂದು ನಾನಿನ್ನೂ ದೇವರ ಮೇಲೆ ಭಾರ ಹಾಕಿದ್ದೆ.

ಗೆಳೆಯ ವೇದಿಕೆಯ ಮೇಲಿದ್ದ. ನೀಲಿ ತಾಟನ್ನು ಎತ್ತಿ ಹಿಡಿದು ಅರ್ಧ ತೆಲುಗು, ಅರ್ಧ ಹಿಂದಿಯಲ್ಲಿ ಮಾತಾಡುತ್ತಿದ್ದ. ಹಿಂದಿನ ಪರದೆಯ ಮೇಲೆ ತಾಟಿನ ದೊಡ್ಡ ಚಿತ್ರ. ಹದಿಮೂರನೆಯ ತೂತಿಗೆ ಕೆಂಪು ಬಾಣದ ಗುರುತು, ಪಕ್ಕದಲ್ಲಿ 'ಭರೋಸಾ ಹೋಲ್' ಎಂದು ಬರೆದಿತ್ತು.

ತಂಗಿ ಎದ್ದು ನಿಂತಳು. "ಆ ತೂತು ಯಾಕ ಐತ್ರಿ?"

ಅವನು ದನಿ ಗುರುತಿಸಿದ. ಒಂದು ಕ್ಷಣ ತಾಟು ಕೆಳಗಿಳಿಯಿತು. ಆಮೇಲೆ ಮೇಲೆ ಹೋಯಿತು.

"ಒಳ್ಳೆ ಪ್ರಶ್ನೆ ಕೇಳಿದ್ರಿ ಅಮ್ಮಾರ. ಒಂದು ಕಾಳು ಹುಳಾ ತಿಂತಾವ ಅನ್ಕೋರಿ, ಹುಟ್ಟಲಿಲ್ಲ ಅನ್ಕೋರಿ, ಆಗ ನಡುವಿನ ಈ ಕಾಳು ಜಾಗಾ ತುಂಬತೈತಿ. ರೈತಗ ಭರೋಸಾ. ಅದಕ್ಕಂತ ವಿಚಾರ ಮಾಡಿ ಇಟ್ಟದ್ದು."

"ಅಮ್ಮಾರ ಆದೆ ಏನ್ರಿ ನಾನು?" ಎಂದಳು ತಂಗಿ. "ಬದುವಿನ ಮ್ಯಾಲೆ ಕುಂತು ರೊಟ್ಟಿ ತಿನ್ನೋವಾಗ ತಂಗೆವ್ವ ಇದ್ದೆ."

ಕೆಲವರು ನಕ್ಕರು. ಅವಳು ಅರಿವೆ ಬಿಚ್ಚಿ ಹಿತ್ತಾಳೆ ತಾಟನ್ನು ಎತ್ತಿದಳು. "ಇದಕ್ಕೂ ಐತಿ ಆ ತೂತು. ನಾ ಅರಗು ತುಂಬೀನಿ. ತುಂಬಿದ ಮ್ಯಾಲೆ ಬೆಳಿ ಬಂತು. ಯಾರು ಖರೆ ಹೇಳ್ರಿ."

ಜನ ಆ ತಾಟು ನೋಡಿದರು, ಈ ತಾಟು ನೋಡಿದರು. ಗೆಳೆಯ ನನ್ನನ್ನು ನೋಡಿದ. ಆಗ ನನಗೆ ಒಂದು ವಿಷಯ ಹೊಳೆಯಿತು, ಅದು ಹೊಳೆಯದಿದ್ದರೆ ಚೆನ್ನಾಗಿತ್ತು. ಹನ್ನೆರಡು ತೂತು ನನ್ನವು ಎನ್ನಬೇಕಾದರೆ ಹದಿಮೂರನೆಯದನ್ನೂ ನನ್ನದು ಎನ್ನಬೇಕು. ಇದು ಕಳವಿನ ಮಾಲು ಎಂಬುದಕ್ಕೆ ಇದ್ದ ಒಂದೇ ಸಾಕ್ಷಿ ನನ್ನ ತಪ್ಪು. ಮೂವತ್ತು ವರ್ಷ ಎಲ್ಲೂ ಕೈತಪ್ಪದ ಮಿಲ್ಲರ್ ಎಂಬ ಕೀರ್ತಿಯನ್ನು ಗಂಟು ಕಟ್ಟಿಕೊಂಡು ಕೂತವನು, ತುಂಬಿದ ಸಭೆಯಲ್ಲಿ ಎದ್ದೆ.

"ಅದು ಭರೋಸಾ ಅಲ್ಲ. ತಪ್ಪು. ಎಣಿಕಿ ತಪ್ಪಿ ಹಾಕಿದವ ನಾನು. ಮಷೀನು ತಗೊಂಡವ್ರು ಅದನ್ನ ಮುಚ್ಚಿ ಬಿತ್ತರಿ."

 ಮುಂದಿನ ಸಾಲಿನಲ್ಲಿದ್ದ ನಮ್ಮ ಕಡೆಯ ಒಬ್ಬ ರೈತ ಹಿಂತಿರುಗಿ ನೋಡಿ, ಬಹಳ ಕನಿಕರದಿಂದ ಹೇಳಿದ: "ಅಜ್ಜಾರ, ಇದು ಕಂಪ್ಯೂಟರ್ ಡಿಸೈನ್ ಐತ್ರಿ. ಅದರಾಗ ತಪ್ಪು ಇರಂಗಿಲ್ಲ. ಕುಂದರ್ರಿ." ಕಂಪನಿಯ ಹುಡುಗಿಯೊಬ್ಬಳು ಮೈಕು ತೆಗೆದುಕೊಂಡು ಹಿರಿಯರ ಅಭಿಪ್ರಾಯಕ್ಕೆ ಧನ್ಯವಾದ ಹೇಳಿದಳು. ಚಪ್ಪಾಳೆಯೂ ಆಯಿತು. ಹೀಗೆ ನನ್ನ ಹನ್ನೆರಡು ತೂತುಗಳ ಜೊತೆಗೆ ನನ್ನ ತಪ್ಪೂ ಕಂಪನಿಯ ಪಾಲಾಯಿತು. ಗೆಳೆಯ ಒಂದು ಮಾತು ಆಡಬಹುದಿತ್ತು. 'ಹೌದು, ಇವನೇ' ಅಂದರೆ ಸಾಕಿತ್ತು. ಅವನು ಮೈಕಿನ ವೈರನ್ನು ಬಿಡಿಸುತ್ತಾ ನಿಂತಿದ್ದ. ಅದಕ್ಕೆ ಗಂಟು ಬಿದ್ದಿರಲಿಲ್ಲ.

ಮುಗಿದಮೇಲೆ ಅವನೇ ಬಂದ. ಕೋಟು ಕೈಯಲ್ಲಿತ್ತು. "ಚಾ ಕುಡಿಯೂಣು ಬಾ ಉಸ್ತಾದ."

ತಂಗಿ ಬರಲಿಲ್ಲ. "ನೀ ಹೋಗು. ನಾ ಬೀಜದ ಅಂಗಡಿ ನೋಡತೀನಿ," ಎಂದು ಮುಖ ತಿರುಗಿಸಿದಳು. ನಾನು ಹೋದೆ. ನಮ್ಮ ಎರಡನೆಯ ಶಾಸನದ ಪ್ರಕಾರ ಇದು ಕೆಡಿಸಿದವನ ಚಹಾ, ಕುಡಿಯದೆ ಇರುವಂತಿಲ್ಲ. ಕಪ್ಪು ಎರಡೂ ಅವನೇ ತಂದ.

"ತೊಳದದ್ದು ಚೊಲೋ ಕಾಣ್ಲಿ ಅಂತ," ಎಂದ. "ಉಪ್ಪಲ್ಲಿನ ಕಂಪನಿಯವ್ರು ತೂತಿನ ಸಮೇತ ಹಂಗ ಸ್ಕ್ಯಾನ್ ಮಾಡ್ಕೊಂಡ್ರು. ನಾ ನೋಡೋದ್ರಾಗ ಅಚ್ಚು ತಯಾರಾಗಿತ್ತು. ತಪ್ಪು ಅಂದಿದ್ರ ನನ್ನ ಹೊರಗ ಹಾಕ್ತಿದ್ರು. ಏನರ ಒಂದು ಹೇಳಬೇಕಾತು."

"ಬೋರ್ಡು?"

"ನಿನ್ನ ಜೋಡಿ ಆಗ್ತಿದ್ದಿಲ್ಲ ಅದು. ಒಂದು ತಾಟಿಗೆ ನೀ ಮೂರು ದಿನ ತಗೋತಿ, ಒಂದೊಂದು ಕಾಳಿಗೂ ವರ್ನಿಯರ್ ಹಿಡೀತಿ. ಊರೂರಿಗೆ ಮುಟ್ಟೋದು ಯಾವಾಗ? ಈಗ ನೋಡು, ಎಷ್ಟು ಊರಿಗೆ ಹೋಗೈತಿ."

ಸವತಿ ಸಮೇತ ಹೋಗಿದೆ ಎನ್ನಬಹುದಿತ್ತು.  ಅವನು ಹೇಳಿದ್ದರಲ್ಲಿ ಅರ್ಧ ನಿಜವೂ ಇತ್ತು, ಅದೇ ಹೆಚ್ಚು ಚುಚ್ಚುತ್ತಿತ್ತು. ಬದಲಿಗೆ ಒಂದೇ ಪ್ರಶ್ನೆ ಕೇಳಿದೆ.

"ಆ ತೂತು ಹಾಕೋವಾಗ ನೀ ಒಂದು ಜೋಕು ಹೇಳಿದ್ದಿ. ಯಾವುದದು?"

ಅವನು ಬಹಳ ಹೊತ್ತು ಯೋಚಿಸಿದ. ಪ್ರಾಮಾಣಿಕವಾಗಿಯೇ ಯೋಚಿಸಿದ, ಹಣೆ ಗಂಟಿಕ್ಕಿತು. ಬಿಸ್ಕೀಟು ಚಹಾದೊಳಗೆ ಮುರಿದು ಬಿತ್ತು.

"ಒಂದು ಕತ್ತೆ ಇತ್ತಲ್ಲ ಅದರಾಗ?"

ಕತ್ತೆ ಇರಲಿಲ್ಲ. ಎಮ್ಮೆ ಇತ್ತು. ನಾನು ತಿದ್ದಲಿಲ್ಲ. ಕಪ್ಪು ಕೆಳಗಿಟ್ಟು ಎದ್ದೆ.

ಬಸ್ ನಿಲ್ದಾಣದಲ್ಲಿ ತಂಗಿ ತಾಟನ್ನು ನನ್ನ ಕೈಗೆ ಕೊಟ್ಟಳು. "ಅರಗು ಸವದೈತಿ. ಹೊಸದು ಮಾಡಿ ಕಳಸು, ಮಳಿ ಬರೋದ್ರಾಗ." ಮೆಟ್ಟಿಲು ಹತ್ತಿ, ತಿರುಗಿ ನೋಡಿ, "ರೊಟ್ಟಿ ಭಾಳ ತಿಂದ ಅಣ್ಣಾ ಅಂವ," ಎಂದಳು. ಬಸ್ಸು ಹೊರಟಿತು.

ನಿನ್ನೆ ಶೆಡ್ಡಿನ ಬೀಗ ತೆಗೆದೆ. ಹಿತ್ತಾಳೆ ತುಂಡು ತಂದಿದ್ದೆ. ಲೇತಿನ ಕೆಲಸವನ್ನೂ ನಾನೇ ಮಾಡಿಕೊಂಡೆ, ಅವನಷ್ಟು ಚೆನ್ನಾಗಿ ಬರಲಿಲ್ಲ. ಆಮೇಲೆ ತಾಟನ್ನು ಹೆಡ್ಡಿಗೆ ಕಟ್ಟಿ ಹಿಡಿಕೆ ಹಿಡಿದೆ. ಮೂರು ಸುತ್ತು, ಮೇಲೊಂದು ಮೂರನೇ ಒಂದು ಭಾಗ. ಶೆಡ್ಡು ನಿಶ್ಶಬ್ದವಾಗಿತ್ತು. ಐದನೆಯದು ಮುಗಿದಾಗ ಸ್ವಲ್ಪ ಹೊತ್ತು ಕೈ ತಾನಾಗಿಯೇ ನಿಂತಿತು. ಮತ್ತೆ ತಿರುಗಿಸಿದೆ. ಹನ್ನೆರಡು ತೂತು ಬಂದವು, ಹನ್ನೆರಡೇ, ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಚಹಾ ತರಿಸುವ ಪ್ರಸಂಗವೇ ಬರಲಿಲ್ಲ.